ಜಾಮೀನು ನಿಂತವರು

ಸರ್ಕಾರದ ಸಾಲಕ್ಕೆ ಮರೆವಿಲ್ಲವೆಂದು ಹಿರಿಯರು ಹೇಳುವುದುಂಟು. ಮರೆವೇನೋ ಇದೆ, ಇಪ್ಪತ್ತು ವರ್ಷ ಮರೆತಿದ್ದು ಒಂದು ದಿನ ಥಟ್ಟನೆ ನೆನಪು ಮಾಡಿಕೊಳ್ಳುತ್ತದೆ ಎಂಬುದು ನಮ್ಮ ಅನುಭವ. ಹೊರನಾಡಿನಲ್ಲಿ ನೆಲಸಿರುವ ನಮ್ಮಂಥ ಸಂಸಾರಗಳಿಗೆ ಇದರಲ್ಲಿ ತೊಡಕು ಹೆಚ್ಚು. ಸಾಲ ತಂದವರು ತೀರಿಹೋಗಿರುತ್ತಾರೆ, ಕಾಗದಪತ್ರಗಳು ಮನೆ ಬದಲಿಸುವಾಗ ಎಲ್ಲಿಯೋ ಸೇರಿಹೋಗಿರುತ್ತವೆ, ಬಂದ ನೋಟೀಸು ಮಲಯಾಳದಲ್ಲಿರುತ್ತದೆ. ಮೀನು ಮಾರುವವಳೊಡನೆ ಚೌಕಾಸಿ ಮಾಡುವ ಮಲಯಾಳ ಬೇರೆ, ತಾಲ್ಲೂಕು ಕಚೇರಿಯ ಮಲಯಾಳ ಬೇರೆ. ನಾವು ಪಟ್ಟ ಪಾಡನ್ನು ಬರೆದರೆ ಒಂದೆರಡು ಮನೆಗಳಿಗಾದರೂ ಉಪಯೋಗವಾದೀತೆಂದು ಈ ಬರಹ.

ನಮ್ಮ ತಂದೆಯವರು ಎರ್ನಾಕುಳದಲ್ಲಿ ಹಪ್ಪಳ ಸಂಡಿಗೆ ಮಾಡಿಸಿ ಅಂಗಡಿಗಳಿಗೆ ಹಾಕುತ್ತಿದ್ದರು. 1997ರಲ್ಲಿ ರುಬ್ಬುವ ಯಂತ್ರಕ್ಕೆಂದು ಒಂದು ಸರ್ಕಾರಿ ಕಲ್ಯಾಣ ನಿಗಮದಿಂದ 35,000 ರೂಪಾಯಿ ಸಾಲ ಪಡೆದರು. ನಿಗಮದ ಹೆಸರು ಇಲ್ಲಿ ಬೇಡ. ಅಡವಿಡಲು ಆಸ್ತಿಯಿರಲಿಲ್ಲ, ಸಂಬಳದ ಸರ್ಟಿಫಿಕೇಟು ಕೊಟ್ಟು ಜಾಮೀನು ನಿಲ್ಲುವ ಸರ್ಕಾರಿ ನೌಕರರೊಬ್ಬರು ಬೇಕಾಗಿತ್ತು. ಪರಭಾಷೆಯ, ಬಾಡಿಗೆ ಮನೆಯ ಸಂಸಾರಕ್ಕೆ ಯಾರು ನಿಂತಾರು? ಪಕ್ಕದ ಮನೆಯ ಟೀಚರು ನಿಂತರು. ತಂದೆಯವರು 2000ದವರೆಗೆ ತಪ್ಪದೆ ಕಂತು ಕಟ್ಟಿದರು. ಆ ವರ್ಷ ಪಾರ್ಶ್ವವಾಯು ಬಡಿದು ಕಸುಬು ನಿಂತಿತು. 2004ರಲ್ಲಿ ಅವರೂ ಹೋದರು.

2023ರ ಮಳೆಗಾಲದಲ್ಲಿ ಎರಡು ನೋಟೀಸು ಬಂದವು. ಒಂದು ತಂದೆಯವರ ಹೆಸರಿಗೆ, ಇನ್ನೊಂದು ಟೀಚರಿಗೆ. ಬಡ್ಡಿ, ದಂಡಬಡ್ಡಿ ಸೇರಿ 1,41,000 ರೂಪಾಯಿ ಕಟ್ಟಬೇಕು, ತಪ್ಪಿದರೆ ಜಪ್ತಿ. ಜಪ್ತಿ ಮಾಡಲು ನಮ್ಮ ತಂದೆಯವರು ಏನನ್ನೂ ಬಿಟ್ಟುಹೋಗಿರಲಿಲ್ಲ. ಟೀಚರಿಗೆ ಆರು ಸೆಂಟು ಜಾಗ, ಅದರಲ್ಲೊಂದು ಮನೆ, ನಿವೃತ್ತರಾಗಿ ಬಹುಕಾಲವಾಗಿತ್ತು.

ಇಂಥ ನೋಟೀಸು ಬರುವುದು 1968ರ ಕೇರಳ ರೆವಿನ್ಯೂ ರಿಕವರಿ ಕಾನೂನಿನ ಪ್ರಕಾರ. 7ನೆಯ ಕಲಮಿನ ನೋಟೀಸಾದರೆ ಚರ ಸ್ವತ್ತಿನ ಮೇಲೆ ಕಣ್ಣು. 34ನೆಯ ಕಲಮಾದರೆ ಮನೆ ಜಮೀನಿನ ಮೇಲೆ. ಟೀಚರಿಗೆ ಬಂದದ್ದು ಎರಡನೆಯದು. ಕಾಗದದ ಮೂಲೆಯಲ್ಲಿ ಸಣ್ಣದಾಗಿ ಬರೆದಿರುವ ಆ ಅಂಕಿಯನ್ನು ಮೊದಲು ನೋಡಬೇಕು.

ದಾವಣಗೆರೆಯ ನಮ್ಮ ಸೋದರಮಾವ ಫೋನಿನಲ್ಲಿ, “ಅವೆಲ್ಲ ಮನ್ನಾ ಆಯ್ತಲ್ಲೋ, ಯಾಕೆ ಹೆದರ್ತೀರಿ?” ಎಂದರು. ಅವರು ಹೇಳಿದ್ದು ಕರ್ನಾಟಕದ ಮಾತು. 2013ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದ ದಿನವೇ ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರ ನಿಗಮಗಳ ಸಾಲವನ್ನು ಮನ್ನಾ ಮಾಡುವುದಾಗಿ ಸಾರಿದ್ದರು. ಆ ಆಜ್ಞೆ ಗಡಿ ದಾಟಿ ಬರುವುದಿಲ್ಲ. ಇಲ್ಲಿ ರೈತರಿಗೆ 2006ರ ಕಾನೂನಿನಿಂದಲೂ ಮೀನುಗಾರರಿಗೆ 2008ರ ಕಾನೂನಿನಿಂದಲೂ ಋಣಪರಿಹಾರ ಆಯೋಗಗಳು ಹುಟ್ಟಿದವು. ಹಪ್ಪಳದವರು ಆ ಎರಡರಲ್ಲಿಯೂ ಸೇರುವುದಿಲ್ಲ.

ತಿರುವನಂತಪುರದಲ್ಲಿರುವ ನಮ್ಮ ತಮ್ಮನ ಪರಿಚಯದ ವಕೀಲರೊಬ್ಬರು ಹೇಳಿದ್ದು ನಮಗೆ ಹೊಸ ಸಂಗತಿ. ಅವಧಿ ಮೀರಿದ ಸಾಲವನ್ನು ರೆವಿನ್ಯೂ ರಿಕವರಿಯ ದಾರಿಯಲ್ಲಿ ವಸೂಲು ಮಾಡುವಂತಿಲ್ಲವೆಂದು, ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪು ಕೊಟ್ಟಿದೆ. ಸಾಮಾನ್ಯ ಸಾಲಕ್ಕೆ ಅವಧಿ 3 ವರ್ಷ, ಸ್ಥಿರಾಸ್ತಿ ಅಡವಿದ್ದರೆ 12. ಸರ್ಕಾರವೇ ಹೂಡುವ ದಾವೆಗೆ 30 ವರ್ಷ ಉಂಟು. ಆದರೆ ನಿಗಮವೆಂಬುದು ಕಾನೂನಿನ ಕಣ್ಣಿಗೆ ಸರ್ಕಾರವಲ್ಲ, ಬೇರೊಂದು ವ್ಯಕ್ತಿ. ಹಣ ಕೊಟ್ಟವರು ಯಾರು ಎಂಬುದನ್ನು ಕಾಗದ ನೋಡಿಯೇ ತಿಳಿಯಬೇಕು. ಇನ್ನು ಮಕ್ಕಳ ಹೊಣೆ ತಂದೆ ಬಿಟ್ಟುಹೋದ ಆಸ್ತಿಯಷ್ಟಕ್ಕೇ.

ವಕೀಲರು ಇನ್ನೊಂದು ಮಾತನ್ನೂ ಒತ್ತಿ ಹೇಳಿದರು: ನೋಟೀಸು ತಂದವರ ಮುಂದೆ ಗಾಬರಿಯಾಗಿ “ನಿಧಾನವಾಗಿ ಕಟ್ಟುತ್ತೇವೆ” ಎಂದು ಬರೆದುಕೊಡಬೇಡಿ. ಅವಧಿ ಮುಗಿದ ಸಾಲವನ್ನೂ ತೀರಿಸುತ್ತೇನೆಂದು ಬರೆದು ರುಜು ಹಾಕಿದರೆ, 1872ರ ಕರಾರು ಕಾನೂನಿನ ಪ್ರಕಾರ ಆ ಬರಹವೇ ಹೊಸ ಕರಾರಾಗುತ್ತದೆ. ನೋಟೀಸು ಮುಟ್ಟಿತೆಂದು ರುಜು ಹಾಕುವುದು ಬೇರೆ, ಸಾಲ ಒಪ್ಪಿ ರುಜು ಹಾಕುವುದು ಬೇರೆ. ನಮ್ಮ ಜನ ಮರ್ಯಾದೆಗಂಜಿ ಎರಡನ್ನೂ ಒಟ್ಟಿಗೆ ಮಾಡಿಬಿಡುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಖರ್ಚು 10 ರೂಪಾಯಿ. ತಿರುವನಂತಪುರದ ಸೆಕ್ರೆಟೇರಿಯಟ್ಟಿಗೆ ಕನ್ನಡಿಗರು ಕನ್ನಡದಲ್ಲಿಯೇ ಬರೆಯಲು ಕೇರಳದ 1969ರ ಭಾಷಾ ಕಾನೂನು ಅವಕಾಶ ಕೊಟ್ಟಿತ್ತೆಂದು ತಮ್ಮ ಬಹಳ ಉತ್ಸಾಹದಿಂದ ಹೇಳಿದ. ನಿಗಮ ಸೆಕ್ರೆಟೇರಿಯಟ್ಟಲ್ಲ, ಅಲ್ಲದೆ ಕನ್ನಡ ಓದುವವರನ್ನು ಅವರು ಹುಡುಕಿ ತರುವಷ್ಟರಲ್ಲಿ ಇನ್ನೊಂದು ವರ್ಷದ ಬಡ್ಡಿ ಏರುತ್ತದೆಂದು ಮಲಯಾಳದಲ್ಲಿಯೇ ಬರೆಸಿದೆವು. ಉತ್ತರ ಬಂದ ಮೇಲೆ ಬೆಳಗಿನ ವಂಚಿನಾಡ್ ರೈಲು ಹಿಡಿದು ಹೋಗಿ, ತಮ್ಮನೊಡನೆ ಮುಖ್ಯ ಕಚೇರಿಯಲ್ಲಿ ಕಡತ ನೋಡಿದೆವು. ಧೂಳು ಕೊಡವಿ ಕೊಟ್ಟ ಗುಮಾಸ್ತೆ ಒಳ್ಳೆಯವಳು. ಕುಳಿತು ನೋಡಲು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಲೆಡ್ಜರಿನಲ್ಲಿ ಕೊನೆಯ ಜಮೆ 2000ದ ಸೆಪ್ಟೆಂಬರಿನದು. ಕೊನೆಯ ಕಂತಿನ ವಾಯಿದೆ 2002ಕ್ಕೆ ಮುಗಿದಿತ್ತು. 2001ರಲ್ಲೊಂದು ಜ್ಞಾಪನಪತ್ರ, ಆಮೇಲೆ 2022ರಲ್ಲಿ ವಸೂಲಿಗೆ ಬರೆದ ಕಾಗದ. ನಡುವೆ ಏನೂ ಇಲ್ಲ. ಅಸಲಿನಲ್ಲಿ ಉಳಿದದ್ದು 16,200 ರೂಪಾಯಿ.

ತಮ್ಮನ ವಾದ ಸರಳ. “ಅವಧಿ ಮೀರಿದೆ. ಹೈಕೋರ್ಟು ನಿಮ್ಮ ಕೊಚ್ಚಿಯಲ್ಲೇ ಇದೆ. ರಿಟ್ ಹಾಕೋಣ. ಒಂದು ಪೈಸೆ ಕೊಡಬೇಕಾಗಿಲ್ಲ.” ಕಾನೂನಿನ ಪ್ರಕಾರ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಟೀಚರು ಆಗಲೇ ಮೂರು ರಾತ್ರಿ ನಿದ್ದೆಗೆಟ್ಟಿದ್ದರು. ಮೊಕದ್ದಮೆ ಎಷ್ಟು ತಿಂಗಳೋ. ಅಲ್ಲಿಯವರೆಗೆ ಅವರ ಮನೆಯ ಮೇಲೆ ಆ ನೋಟೀಸು ನೇತಾಡುತ್ತಿರಬೇಕು. ನಮ್ಮ ತಾಯಿ ಇಷ್ಟೂ ದಿನ ಸುಮ್ಮನಿದ್ದವರು ಅಂದು, “ಅವರು ರುಜು ಹಾಕಿದ್ದು ನಿಮ್ಮಪ್ಪನ ಮುಖ ನೋಡಿ. ಅಸಲು ನಮ್ಮ ಮನೆಗೆ ಬಂದ ದುಡ್ಡು. ಬಡ್ಡಿಯ ಜಗಳ ನೀವು ಆಡಿಕೊಳ್ಳಿ” ಎಂದರು. ತಮ್ಮ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕುಳಿತು, ಕೊನೆಗೆ ಅರ್ಧ ತಾನು ಹಾಕುವೆನೆಂದ.

ಆದ್ದರಿಂದ ಏನನ್ನೂ ಬರೆದುಕೊಡದೆ, ಕಾನೂನು ಸೇವಾ ಪ್ರಾಧಿಕಾರದ ಅದಾಲತ್ತಿಗೆ ಅರ್ಜಿ ಕೊಟ್ಟೆವು. 1987ರ ಕಾನೂನಿನಿಂದ ಬಂದ ಈ ಅದಾಲತ್ತಿಗೆ ಕೋರ್ಟು ಶುಲ್ಕವಿಲ್ಲ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಲೆಡ್ಜರಿನ ಪ್ರತಿಯನ್ನೂ 1999ರ ತೀರ್ಪಿನ ಪ್ರತಿಯನ್ನೂ ಮೇಜಿನ ಮೇಲಿಟ್ಟೆವು. ನಿಗಮದಿಂದ ಬಂದವರು ತೀರ್ಪನ್ನು ಓದಲೇ ಇಲ್ಲ. ಅವರಿಗೆ ಗೊತ್ತಿದ್ದಂತೆ ತೋರಿತು. ಅಸಲು ಮತ್ತು ವಸೂಲಿ ಖರ್ಚು ಕೊಟ್ಟರೆ ಬಡ್ಡಿಯೆಲ್ಲವನ್ನೂ ಬಿಡಲು ಒಪ್ಪಿದರು. ಆ ಎರಡು ಕಾಗದಗಳಿಲ್ಲದೆ ಬರಿಗೈಯಲ್ಲಿ ಹೋಗಿದ್ದರೆ ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು, ಅದನ್ನೇ ಉಪಕಾರವೆಂದು ಹೇಳಿ ಕಳಿಸುತ್ತಿದ್ದರೆಂದು ನಮ್ಮ ಊಹೆ.

ಅವಧಿ ಮೀರದ ಸಾಲವಾಗಿದ್ದರೆ ಕಥೆ ಬೇರೆ. ಅಂಥವರು ಒಂದೇ ಗಂಟಿನ ತೀರುವಳಿ ಕೇಳಬೇಕು, ಇಲ್ಲವೆ ಕಂತು ಕೇಳಬೇಕು. 2024ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿದ ತಿದ್ದುಪಡಿ ವಸೂಲಿ ಬಾಕಿಯನ್ನು ಕಂತಿನಲ್ಲಿ ಕಟ್ಟುವ ದಾರಿಯನ್ನು ವಿಸ್ತರಿಸಿದೆ.

ಹಣ ಕಟ್ಟಿದ ರಸೀದಿಯಿಂದಲೇ ಕೆಲಸ ಮುಗಿಯುವುದಿಲ್ಲ. ನಿಗಮದಿಂದ ಬಾಕಿಯಿಲ್ಲವೆಂಬ ಪತ್ರ ಬೇಕು. ವಸೂಲಿಯನ್ನು ಹಿಂತೆಗೆದುಕೊಂಡಿದ್ದೇವೆಂದು ತಹಶೀಲ್ದಾರರಿಗೆ ಅವರ ಕಾಗದ ಹೋಗಬೇಕು. ಅದು ವಿಲ್ಲೇಜ್ ಆಫೀಸಿಗೆ ಇಳಿಯಬೇಕು. ನಮ್ಮ ಕಾಗದ ಎರಡು ಸಲ ಹೋದಾಗಲೂ ಅಲ್ಲಿಗೆ ಮುಟ್ಟಿರಲಿಲ್ಲ. ಮೂರನೆಯ ಸಲ ವಿಲ್ಲೇಜ್ ಆಫೀಸಿನವರು ಟೀಚರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ್ದನ್ನು ಕಣ್ಣಾರೆ ನೋಡಿ ಬಂದೆವು. ಎಲ್ಲದರ ಪ್ರತಿಯನ್ನೂ ಟೀಚರಿಗೆ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರ ಹಾಗೆ ಎರಡು ಸಲ ಓದಿ, ಒಂದು ಕಡೆ ತಾರೀಕು ತಪ್ಪಿದೆಯೆಂದು ತೋರಿಸಿದರು. ಅದನ್ನು ತಿದ್ದಿಸಲು ಮತ್ತೊಮ್ಮೆ ಹೋಗಬೇಕಾಯಿತು.