ಗಾಡಿ ನಿಂತಿತ್ತು, ಟಾಯರಿಗೆ ವಯಸ್ಸಾಗಿತ್ತು

ಬದನೀಕಾಯಿ ತಗೊಳ್ಳುವಾಗ ತೂತು ಐತೇನು ಅಂತ ತಿರುವಿ ತಿರುವಿ ನೋಡ್ತೀವಿ. ಇಳಕಲ್ ಸೀರಿ ಆದ್ರ ಸೆರಗು ಬಿಚ್ಚಿಸಿ ಬೆಳಕಿಗೆ ಹಿಡಿಸ್ತೀವಿ. ಆದ್ರ ಎರಡೂವರಿ ಲಕ್ಷದ ಹಳೇ ಕಾರು ತಗೊಳ್ಳುವಾಗ ನಾವು ಹೆಣ್ಮಕ್ಕಳು ದೂರ ನಿಂತು, “ಬಣ್ಣ ಛಲೋ ಐತ್ರಿ” ಅಂದು, ಚಹಾ ಕುಡದು ಎದ್ದು ಬರ್ತೀವಿ. ನಾನೂ ಹಂಗ ಬರೂದಿತ್ತು.

2024ರ ಬ್ಯಾಸಗಿ ಮಾತಿದು. ನಮ್ಮ ಅತ್ತಿಯವರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್ ಶುರು ಆಗಿತ್ತು. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್. ಹೋಗುವಾಗ ಹೆಂಗೋ ಕುಂತು ಹೋಗ್ತಿದ್ರು, ಬರುವಾಗ ಕುತ್ತಿಗಿ ನಿಲ್ತಿರಲಿಲ್ಲ. ಬಾಡಿಗಿ ಗಾಡಿಗೆ ಕೊಟ್ಟು ಕೊಟ್ಟು ಕೈ ಖಾಲಿ. ನಮ್ಮ ಮನಿಯವರಿಗೆ ವಾರದಾಗ ಎರಡೆರಡು ರಜಾ ಸಿಗೂದಿಲ್ಲ. ಹಿಂಗಾಗಿ ನಲವತ್ತನಾಕನೇ ವಯಸ್ಸಿನ್ಯಾಗ ನಾನ ಡ್ರೈವಿಂಗ್ ಕಲತೆ. ಭಿಶಿ ಎತ್ತಿದ ರೊಕ್ಕ, ಅದರ ಮ್ಯಾಲ ನನ್ನ ಪಾಟ್ಲಿ ಮಾರಿದ ರೊಕ್ಕ ಕೂಡಿಸಿ ಒಂದು ಸಣ್ಣ ಕಾರು ತಗೊಳ್ಳೋಣು ಅಂತ ಆತು.

ಗದಗಿನಾಗ ನಮ್ಮ ಮನಿಯವರ ದೊಡ್ಡಪ್ಪನ ಮಗ ಇದ್ದಾರ, ನನಗ ಭಾವ ಆಗಬೇಕು. ಅವರ ಹತ್ರ 2016ರ ಗಾಡಿ ಇತ್ತು. “ಬರೇ 31 ಸಾವಿರ ಓಡೈತಿ, ಶೆಡ್ಡಿನ್ಯಾಗ ನಿಂತಿದ್ದ ಹೆಚ್ಚು, ಹೊಸಾದು ಇದ್ದಂಗ ಐತಿ. ಎರಡು ಲಕ್ಷ ಅರವತ್ತು ಸಾವಿರ ಕೊಡ್ರಿ, ಮನಿ ಮಂದಿಗೆ ಇನ್ನೇನು ಹೆಚ್ಚು ಕೇಳ್ಲಿ” ಅಂದಿದ್ರು.

ಹೋಗೂ ಹಿಂದಿನ ದಿನ ನನ್ನ ಸ್ಕೂಟಿಗೆ ಗಾಳಿ ಹಾಕಿಸಾಕ ನಮ್ಮ ಓಣಿ ಪಂಕ್ಚರ್ ಅಂಗಡಿಗೆ ಹೋಗಿದ್ದೆ. ಮಾತಿಗೆ ಮಾತು ಬಂದು ಹೇಳಿದೆ. ಆ ಹುಡುಗ ಕೈ ಒರಸ್ಕೋತ, “ಅಕ್ಕಾರ, ಎಂಜಿನ್ ಯಾರರ ನೋಡ್ತಾರ. ನೀವು ಟಾಯರ್ ನೋಡ್ರಿ, ಅದರ ಮ್ಯಾಲ ಹುಟ್ಟಿದ ತಾರೀಖ ಬರದಿರ್ತೈತಿ” ಅಂದ. ನಾನು ಕಿರಾಣಿ ಚೀಟಿ ಹಿಂದ ಬರಕೊಂಡೆ. ನೀವೂ ಬರಕೋರಿ.

ಟಾಯರಿನ ಬಾಜೂಕ ಡಿಓಟಿ ಅಂತ ಮೂರು ಅಕ್ಷರ ಇರ್ತಾವ. ಆ ಸಾಲಿನ ಕಡೀಕ ನಾಕು ಅಂಕಿ. ಮೊದಲಿನ ಎರಡು ವಾರ, ಕಡೀ ಎರಡು ವರ್ಷ. 2319 ಅಂತ ಇದ್ರ 2019ರ 23ನೇ ವಾರ ತಯಾರಾಗಿದ್ದು. ಹೊರಗಿನ ಮಗ್ಗಲಿಗೆ ಕಾಣಲಿಲ್ಲ ಅಂದ್ರ ಒಳಗಿನ ಮಗ್ಗಲಿಗೆ ಇರ್ತೈತಿ, ಬಗ್ಗಿ ನೋಡಬೇಕು. ಐದು ವರ್ಷ ದಾಟಿದ್ರ ವರ್ಷಕ್ಕೊಮ್ಮೆ ಗೊತ್ತಿದ್ದವರಿಗೆ ತೋರಸಬೇಕು. ಹತ್ತು ವರ್ಷ ಆದ್ರ ನೋಡಾಕ ಎಷ್ಟು ಛಲೋ ಇದ್ರೂ ತಗದು ಹಾಕಬೇಕು. ಕೆಲವು ಕಾರ್ ಕಂಪನಿಯವ್ರು ಆರು ವರ್ಷಕ್ಕ ಬದಲಸ್ರಿ ಅಂತಾರ.

ಇನ್ನ ಸವಕಳಿ. ಟಾಯರಿನ ಗಾಡಿಯೊಳಗ, ಅಂದ್ರ ಆ ಉದ್ದನ ಕಾಲುವಿಯೊಳಗ, ಅಲ್ಲಲ್ಲಿ ಸಣ್ಣ ಒಡ್ಡು ಕಟ್ಟಿದಂಗ ರಬ್ಬರ್ ಇರ್ತೈತಿ. ಮ್ಯಾಲಿನ ರಬ್ಬರ್ ಸವದು ಆ ಒಡ್ಡಿನ ಸಮ ಬಂತು ಅಂದ್ರ 1.6 ಮಿಲಿಮೀಟರ್ ಅಷ್ಟ ಉಳದೈತಿ, ಟಾಯರಿನ ಆಟ ಮುಗೀತು. ನಡುವ ಸವದಿದ್ರ ಗಾಳಿ ಹೆಚ್ಚು ಹಾಕಿ ಓಡಿಸ್ಯಾರ. ಎರಡೂ ಅಂಚು ಸವದಿದ್ರ ಗಾಳಿ ಕಡಿಮಿ. ಒಂದ ಅಂಚು ಸವದಿದ್ರ ಅಲೈನ್‌ಮೆಂಟ್ ತಪ್ಪೇತಿ. ಮನ್ಯಾಗ ಚಪ್ಪಲಿ ಹಿಮ್ಮಡ ನೋಡಿ ಯಾರ ನಡಿಗಿ ಹೆಂಗ ಅಂತ ಹೇಳ್ತೀವಲ್ಲ, ಹಂಗ.

ಗದಗಿಗೆ ಹೋದ್ವಿ. ಗಾಡಿ ಥಳಥಳ ಅಂತಿತ್ತು. ಟಾಯರಿಗೂ ಕರೀ ಪಾಲಿಶ್, ಮದುವಿ ಮನ್ಯಾಗ ಮುದುಕರು ಮೀಸಿಗೆ ಬಣ್ಣ ಹಚ್ಚಿದಂಗ. ಗಂಡಸರು ಬಾನೆಟ್ ತಗದು ಮಾತಾಡಾಕತ್ತಿದ್ರು. ನಾನು ಸೆರಗು ಸಿಗಸ್ಕೊಂಡು, ಮೊಬೈಲ್ ಟಾರ್ಚ್ ಹಚ್ಚಿ, ಮುಂದಿನ ಟಾಯರಿನ ಹತ್ರ ಕುಕ್ಕರಗಾಲಿನ್ಯಾಗ ಕುಂತೆ. ನೆಗೆಣ್ಣಿ ಅಕ್ಕ ಚಹಾ ತಂದವರು, “ಏನವಾ, ಬೆಂಡೋಲಿ ಬಿತ್ತೇನು?” ಅಂದ್ರು.

ಅಂಕಿ ಸಿಕ್ತು. 4515. ಅಂದ್ರ 2015ರ ನವೆಂಬರ್. ಎಂಟೂವರಿ ವರ್ಷ. ಮೂರು ಟಾಯರಿಗೆ ಅದ ಅಂಕಿ, ಹಿಂದಿಂದೊಂದು ಬ್ಯಾರೆ ಕಂಪನಿದು, 1019. ಗಾಡಿ ಕಡಿಮಿ ಓಡಿದ್ದು ಖರೇನ. ಟಾಯರ್ ಸವದೇ ಇರಲಿಲ್ಲ. ಆದ್ರ ಸೆರಗಿನ ತುದಿಯಿಂದ ಪಾಲಿಶ್ ಒರಸಿದ್ರ ಕೆಳಗ ಸಣ್ಣ ಸಣ್ಣ ಬಿರುಕು, ಬ್ಯಾಸಗ್ಯಾಗ ಕೆರಿ ಒಣಗಿದಂಗ. ಗಾಡಿ ನಿಂತ್ರೂ ರಬ್ಬರಿಗೆ ವಯಸ್ಸು ನಿಲ್ಲೂದಿಲ್ಲ. ಮುಂದಿನ ಎಡಗಡೆ ಟಾಯರಿನ ಒಳಮಗ್ಗಲಿಗೆ ಕೈ ಆಡಿಸಿದ್ರ ನಿಂಬಿಕಾಯಿ ಅಷ್ಟು ಬುಗಟಿ ಹತ್ತಿತು. ತಗ್ಗಿಗೆ ಬಿದ್ದು ಒಳಗಿನ ನೂಲು ಹರದ್ರ ಹಂಗ ಉಬ್ಬತೈತಿ, ಅದಕ್ಕ ಪ್ಯಾಚ್ ಇಲ್ಲ, ಓಡುವಾಗ ಒಡೀತೈತಿ ಅಂತ ಆ ಹುಡುಗ ಹೇಳಿದ್ದ. ಡಿಕ್ಕಿ ತಗಿಸಿ ಸ್ಟೆಪ್ನಿನೂ ನೋಡಿದೆ. ಒಮ್ಮೆನೂ ರಸ್ತಾ ಕಾಣದ ಟಾಯರ್, ಅದೂ 4515, ಗಾಳಿನ ಇಲ್ಲ.

ನಮ್ಮ ಮನಿಯವರು ಹಲ್ಲಾಗ ಹಲ್ಲಿಟ್ಟು, “ಸಾಕ ಏಳ, ಮಂದಿ ನೋಡಾಕತ್ತಾರ” ಅಂದ್ರು. ಭಾವನವರ ಮುಖ ಕೆಂಪಾತು. “ಏನು, ನಮ್ಮ ಮ್ಯಾಲ ನಂಬಿಗಿ ಇಲ್ಲೇನು?”

ನನ್ನ ಗಂಟಲು ಒಣಗಿತ್ತು. ಅವರ ಮುಂದ ಅಲ್ಲೀತನಕ ನಾನು ತಲಿ ಎತ್ತಿ ಮಾತಾಡಿದಾಕಿ ಅಲ್ಲ. “ಭಾವನವರ, ನಿಮ್ಮ ಮ್ಯಾಲ ಐತ್ರಿ. ಈ ಟಾಯರ್ ಮ್ಯಾಲ ಇಲ್ಲ. ಅತ್ತಿಯವರನ್ನ ಕುಂಡ್ರಿಸ್ಕೊಂಡು ಬೈಪಾಸಿನ್ಯಾಗ ಹೋಗಾಕಿ ನಾನರಿ” ಅಂದೆ. ಯಾರೂ ಮಾತಾಡಲಿಲ್ಲ. ಆಮ್ಯಾಲ ಭಾವನವರ ಬಗ್ಗಿ ಆ ಬುಗಟಿ ಮುಟ್ಟಿ ನೋಡಿದ್ರು. ಅವರಿಗೂ ಗೊತ್ತಿರಲಿಲ್ಲ, ಮುಖ ನೋಡಿದ್ರ ತಿಳೀತು.

ಎರಡು ಲಕ್ಷ ನಲವತ್ತೈದು ಸಾವಿರಕ್ಕ ಮುಗೀತು. ಅವತ್ತ ಗದಗಿನಾಗ ನಾಕು ಹೊಸ ಟಾಯರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, 1019ನ್ನ ಸ್ಟೆಪ್ನಿ ಮಾಡಿಸಿ ಧಾರವಾಡಕ್ಕ ತಂದ್ವಿ. ಬರುವಾಗ ಮನಿಯವರು ಅಣ್ಣಿಗೇರಿ ತನಕ ಮಾತಾಡಲಿಲ್ಲ. ಆಮ್ಯಾಲ, “ಪಾಟ್ಲಿ ಮತ್ತ ಮಾಡಿಸೋಣು ತಗೋ” ಅಂದ್ರು.

ಭಾವನವರ ಮನಿಯಿಂದ ಎರಡು ತಿಂಗಳು ಫೋನ್ ಇಲ್ಲ. ನನಗೂ ರಾತ್ರಿ ನಿದ್ದಿ ಹತ್ತದಾಗ, ಹದಿನೈದು ಸಾವಿರಕ್ಕ ಮನಿ ಕೆಡಸ್ಕೊಂಡ್ನೇನೋ ಅನಸ್ತಿತ್ತು. ಪಂಚಮಿಗೆ ಉಂಡಿ ಕಟ್ಟಿ ಕಳಿಸಿದೆ. ಮುಂದಿನ ವಾರ ಅಕ್ಕ ಅತ್ತಿಯವರನ್ನ ನೋಡಾಕ ಬಂದ್ರು. ಉಂಡಿ ಬಗ್ಗೆ ಮಾತಾಡಿದ್ರು, ಕಾರಿನ ಮಾತು ಎತ್ತಲಿಲ್ಲ. ಹೊಂಟಾಗ ಮಾತ್ರ ನಮ್ಮ ಗಾಡಿ ಹತ್ರ ನಿಂತು ಮೊಬೈಲ್ ತಗದು, “ಆ ಅಂಕಿ ಎಲ್ಲಿರ್ತೈತಿ ತೋರಸವಾ. ನಮ್ಮ ಹುಡುಗ ಬೆಳಗಾವ್ಯಾಗ ಹಳೇ ಗಾಡಿ ನೋಡ್ಯಾನ” ಅಂದ್ರು. ಇಬ್ಬರೂ ಅಂಗಳದಾಗ ಕುಕ್ಕರಗಾಲಿನ್ಯಾಗ ಕುಂತ್ವಿ.

ಈಗೂ ಮಂಗಳವಾರ, ಶುಕ್ರವಾರ ಹುಬ್ಬಳ್ಳಿಗೆ ಹೋಗ್ತೀವಿ. ಹೊರಡೂಕ್ಕಿಂತ ಮೊದಲ, ಟಾಯರ್ ತಣ್ಣಗಿದ್ದಾಗ, ನಾಕಕ್ಕೂ ಕಣ್ಣಾಡಿಸ್ತೀನಿ. ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಲದ ಹತ್ರ ಚೀಟಿ ಹಚ್ಚಿರ್ತಾರ, ಅದನ್ನೂ ಓದ್ಕೋರಿ. ಮತ್ತ ನಿಮ್ಮ ಮನಿ ಗಾಡಿ ಸ್ಟೆಪ್ನಿ ಯಾವಾಗಿಂದು ಅಂತ ಇವತ್ತ ಸಂಜೀಕ ಡಿಕ್ಕಿ ತಗದು ನೋಡ್ರಿ. ನೋಡಿದವ್ರು ನನಗ ಹೇಳ್ರಿ.