ಬೇಲಿಗೂ ಒಂದು ಕಾವಲು

ಅಥಣಿ, ರಾಯಬಾಗಗಳ ಕಡೆಯ ಒಕ್ಕಲಿಗನಿಗೆ ಬೇಲಿಯ ಬೆಲೆ ಗೊತ್ತು. ಕಬ್ಬೋ, ಅರಿಷಿಣವೋ, ಸೋಯಾಬೀನವೋ, ಬೆಳೆ ಯಾವುದೇ ಇರಲಿ, ಹೊಲದ ಸುತ್ತ ಮುಳ್ಳು ಬಿಗಿದ ಮೇಲೆಯೇ ಅವನಿಗೆ ನಿದ್ರೆ. ಆದರೆ ಬೆಳೆಗೆ ಹಾಕಿದ ಬೇಲಿಯನ್ನು ಬೆಲೆಗೆ ಹಾಕಲಾದೀತೆ? ಬಿತ್ತುವಾಗ ಇದ್ದ ಧಾರಣೆ ರಾಶಿ ಮಾಡುವಾಗಲೂ ಇದ್ದೀತೆಂಬ ಭರವಸೆ ಯಾರಿಗುಂಟು? 2010ರ ಸುಮಾರಿಗೆ ಮುಗಿಲಿಗೇರಿದ ಅರಿಷಿಣದ ಬೆಲೆ 2012ರ ಹೊತ್ತಿಗೆ ನೆಲ ಕಚ್ಚಿದಾಗ, ಸಾಂಗಲಿಯ ಪೇಟೆಗೆ ಚೀಲ ಹೇರಿ ಹೋದವರಿಗೆ ಈ ಪ್ರಶ್ನೆಯ ಕಾವು ತಟ್ಟಿತ್ತು.

ಬೆಲೆಗೂ ಬೇಲಿ ಬೇಕೆಂಬ ಈ ಬಯಕೆಯಿಂದಲೇ ವಾಯಿದೆ ವ್ಯಾಪಾರ ಬೆಳೆಯಿತು. ಮುಂದೆ ಬರುವ ಮಾಲಿಗೆ ಇಂದೇ ದರ ಗೊತ್ತುಮಾಡಿಕೊಂಡವನು ನಾಳೆಯ ಕುಸಿತಕ್ಕೆ ಅಂಜಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬೇಲಿಗೆ ‘ಹೆಜ್’ ಎನ್ನುವರು. 1949ರಲ್ಲಿ ಅಮೆರಿಕದ ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್ ಎಂಬಾತ, ಏರಬಹುದಾದ ಷೇರುಗಳನ್ನು ಕೊಂಡು, ಇಳಿಯಬಹುದಾದವನ್ನು ಎರವು ತಂದು ಮಾರಿ, ಪೇಟೆ ಯಾವ ಕಡೆ ವಾಲಿದರೂ ಗಂಟು ಕರಗದಂತೆ ಒಂದು ನಿಧಿಯನ್ನು ಕಟ್ಟಿದ. ಇಂದಿನ ‘ಹೆಜ್ ಫಂಡು’ಗಳ ಮೂಲಪುರುಷ ಅವನೇ. ಆದರೆ ಕಾಲ ಕಳೆದಂತೆ ಈ ವಂಶ ತನ್ನ ಹೆಸರನ್ನು ಮರೆಯಿತು. ಸಾಲದ ಬಲದಿಂದ ಬಂಡವಾಳದ ಹಲವು ಪಟ್ಟು ಪಣ ಹೂಡುವ ನಿಧಿಗಳೂ ಅದರಲ್ಲಿ ಹುಟ್ಟಿಕೊಂಡವು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವರಾರು ಎಂಬ ಗಾದೆ ಇಂಥ ಹೊತ್ತಿಗಾಗಿಯೇ ಇದ್ದಂತಿದೆ.

ಹೊಲ ಮೇಯ್ದ ಕಥೆಯೊಂದು ಷಿಕಾಗೋ ನಗರದ್ದು. ಬೆಳೆಯಾದರೋ ಎಲ್ಲರ ಮನೆಯ ಉಳ್ಳಾಗಡ್ಡಿ! 1955ರಲ್ಲಿ ವಿನ್ಸೆಂಟ್ ಕೊಸೂಗ, ಸ್ಯಾಮ್ ಸೀಗಲ್ ಎಂಬಿಬ್ಬರು ವ್ಯಾಪಾರಿಗಳು ಅಲ್ಲಿನ ಉಳ್ಳಾಗಡ್ಡಿಯನ್ನೆಲ್ಲ ತಮ್ಮ ಕೈವಶ ಮಾಡಿಕೊಂಡರು. ಬಳಿಕ ದರ ಬೀಳುವುದೆಂದು ಪಣ ಹೂಡಿ, ಮಾಲನ್ನು ಒಮ್ಮೆಗೇ ಪೇಟೆಗೆ ಸುರಿದರು. ಮರುವರ್ಷ ಉಳ್ಳಾಗಡ್ಡಿಗಿಂತ ಅದನ್ನು ತುಂಬಿದ ಚೀಲವೇ ತುಟ್ಟಿಯಾಯಿತು. ಬೆಳೆಗಾರರು ದಿವಾಳಿ ಎದ್ದರು. 1958ರಲ್ಲಿ ಅಮೆರಿಕ ಉಳ್ಳಾಗಡ್ಡಿಯ ವಾಯಿದೆ ವ್ಯಾಪಾರವನ್ನೇ ನಿಷೇಧಿಸಿತು.

ಅಷ್ಟು ದೂರವಾದರೂ ಏಕೆ ಹೋಗಬೇಕು? ನಿಪ್ಪಾಣಿಯ ತಂಬಾಕು ಬೆಳೆಗಾರರಿಗೆ ವಾಯಿದೆಯ ಪೇಟೆಯೂ ಗೊತ್ತಿರಲಿಲ್ಲ, ಹೆಜ್ ಫಂಡೂ ಗೊತ್ತಿರಲಿಲ್ಲ. ಕೊಳ್ಳುವವರು ಕೆಲವರು, ಮಾರುವವರು ಸಾವಿರಾರು. ಎಲೆಯ ದರ್ಜೆಯೂ ದರವೂ ಕೊಳ್ಳುವವರ ಬಾಯಲ್ಲೇ. 1981ರ ಮಾರ್ಚಿಯಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ಗೋಲೀಬಾರು ನಡೆದು ಹಲವರು ಪ್ರಾಣ ತೆತ್ತರು. ಕೆಲವೇ ಕೈಗಳಲ್ಲಿ ಬೆಲೆ ಸಿಕ್ಕಿಕೊಂಡಾಗ ಬಡವನು ತೆರುವ ಬೆಲೆ ಎಷ್ಟೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಈಗ ಆ ಕೈಗಳು ಕಣ್ಣಿಗೂ ಕಾಣವು. 2025ರ ಜುಲೈ 3ರಂದು ಸೆಬಿ, ಜೇನ್ ಸ್ಟ್ರೀಟ್ ಎಂಬ ಅಮೆರಿಕದ ವಹಿವಾಟು ಸಂಸ್ಥೆಯ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಇದು ಹೆಜ್ ಫಂಡಲ್ಲ, ಸ್ವಂತ ಹಣದಿಂದ ವಹಿವಾಟು ನಡೆಸುವ ಸಂಸ್ಥೆ. ಆದರೂ ಒಂದೇ ಬಳಗದ್ದು. 2024ರ ಜನವರಿ 17ರಂತಹ ದಿನಗಳಲ್ಲಿ ಬೆಳಿಗ್ಗೆ ಬ್ಯಾಂಕುಗಳ ಷೇರನ್ನು ರಾಶಿರಾಶಿಯಾಗಿ ಕೊಂಡು ಸೂಚ್ಯಂಕವನ್ನು ಎತ್ತಿ, ಅದು ಬೀಳುವುದೆಂದು ಆಪ್ಷನ್ ಪೇಟೆಯಲ್ಲಿ ಹಿರಿದಾದ ಪಣ ಹೂಡಿ, ಮಧ್ಯಾಹ್ನ ಆ ಷೇರುಗಳನ್ನು ಮಾರಿತೆಂಬುದು ಸೆಬಿಯ ಆರೋಪ. 4,843 ಕೋಟಿ ರೂಪಾಯಿಗಳನ್ನು ತಡೆಹಿಡಿಯಲು ಆಜ್ಞೆಯಾಯಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿ ಸಲ್ಲಿಸಿತು. ತೀರ್ಪು ನ್ಯಾಯಪೀಠದ ಕೆಲಸ. ಆದರೆ ವಹಿವಾಟಿಗೂ ಆದೇಶಕ್ಕೂ ನಡುವೆ ಒಂದೂವರೆ ವರ್ಷ ಕಳೆದುದನ್ನು ಯಾರೂ ಗಮನಿಸಬಹುದು.

ಚಿಕ್ಕೋಡಿಯ ಮನೆಯಲ್ಲಿ ಕುಳಿತ ನೌಕರಿಯ ಹುಡುಗನಿಗೂ ಇದಕ್ಕೂ ಏನು ಸಂಬಂಧವೆನ್ನುವಿರಾ? ಅಂಗೈಯೊಳಗಿನ ಫೋನಿನಲ್ಲಿ ಅವನೂ ಅದೇ ಪೇಟೆಗೆ ಇಳಿದಿದ್ದಾನೆ. ಅಂಥವರ ಮನೆಗಳಲ್ಲಿ ಈ ಮಾತು ಕೇಳಬಹುದು:

“ಕಾಕಾ, ಇದು ಜೂಜಾಟ ಅಲ್ರೀ, ಲೆಕ್ಕ.”

“ಲೆಕ್ಕ ಖರೇ ತಮ್ಮಾ. ಆದ್ರ ಎದುರಿಗೆ ಕುಂತು ಆಡಾಂವ ಯಾರಂತ ನಿನಗ ಗೊತ್ತೈತೇನು?”

ಕಾಕಾನ ಪ್ರಶ್ನೆ ಸಣ್ಣದಲ್ಲ. 2024ರಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷಗಳಲ್ಲಿ ಷೇರುಪೇಟೆಯ ವಾಯಿದೆ, ಆಪ್ಷನ್‌ಗಳಲ್ಲಿ ಆಡಿದ ಬಿಡಿ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ನಷ್ಟಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ್ದು. ಅದರಲ್ಲಿ ತಂಗಿಯ ಮದುವೆಗೆಂದು ಕೂಡಿಟ್ಟದ್ದೆಷ್ಟೋ, ತಂದೆಯ ನಿವೃತ್ತಿಯ ಹಣವೆಷ್ಟೋ!

ಹಾಗಾದರೆ ಪೇಟೆಯ ಬಾಗಿಲನ್ನೇ ಮುಚ್ಚಿಬಿಡಬೇಕೆ? ಅದೂ ಜಾಣತನವಲ್ಲ. 2021ರ ಡಿಸೆಂಬರಿನಲ್ಲಿ ಸೋಯಾಬೀನವೂ ಸೇರಿ ಏಳು ಸರಕುಗಳ ವಾಯಿದೆ ವ್ಯಾಪಾರವನ್ನು ಸೆಬಿ ನಿಲ್ಲಿಸಿತು. ಆ ತಡೆಯನ್ನು ಮತ್ತೆ ಮತ್ತೆ ಮುಂದುವರಿಸಿತು. ಜೂಜುಗಾರನೊಡನೆ, ಮುಂದಿನ ದರವನ್ನು ನೋಡಿ ಮಾಲು ಇಡಬೇಕೋ ಮಾರಬೇಕೋ ಎಂದು ಯೋಚಿಸುವ ಕಾಗವಾಡದ ರೈತನೂ ತನ್ನ ಕನ್ನಡಿಯನ್ನು ಕಳೆದುಕೊಂಡ. ಇಲಿಗೆ ಅಂಜಿ ಕಣಜವನ್ನು ಸುಟ್ಟಂತಾಗಬಾರದಷ್ಟೆ.

ಬೇಕಾದುದು ಕಾವಲು. 2012ರ ನಿಯಮಗಳಂತೆ ಭಾರತದ ಹೆಜ್ ಫಂಡುಗಳು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅವು ಹೂಡುವ ಪಣಕ್ಕೂ ಮಿತಿಯುಂಟು. ಇಷ್ಟೇ ಸಾಲದು. ನಾಲ್ಕು ಹೆಸರುಗಳಲ್ಲಿ ಆಡುವ ಒಬ್ಬನನ್ನು ಒಬ್ಬನೆಂದೇ ಎಣಿಸಬೇಕು. ಷೇರಿನ ಪೇಟೆ, ಆಪ್ಷನ್ ಪೇಟೆಗಳ ಲೆಕ್ಕವನ್ನು ಒಂದೇ ಕಣ್ಣು ಒಟ್ಟಿಗೆ ನೋಡಬೇಕು. ಸಂಶಯ ಬಂದಾಗ ವರ್ಷಗಟ್ಟಲೆ ಕಾಯದೆ ವಾರದೊಳಗೆ ಕೈ ಹಿಡಿಯಬೇಕು. ಸಂತೆಯಲ್ಲಿ ಕಾಯಿಪಲ್ಯ ಮಾರುವವಳ ತಕ್ಕಡಿಗೆ ಸರಕಾರದ ಮುದ್ರೆ ಬೇಕೆನ್ನುವ ಕಾಯದೆ, ಕೋಟಿಗಳನ್ನು ತೂಗುವ ತಕ್ಕಡಿಯನ್ನೂ ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಿದರೆ ಅದರಲ್ಲಿ ಅನ್ಯಾಯವೇನು?