ಮನೆ ಮಾರಿ ತೆರೆದ ಮುದ್ರಣಾಲಯ

ಸವದತ್ತಿ ಸೀಮೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಓದಿಗೆ ಮೀಸಲಿಟ್ಟು 1906ರಲ್ಲಿ ಕಣ್ಮುಚ್ಚಿದರು. ಅದು ಸಿರಿವಂತರ ತ್ಯಾಗ. ಅದೇ ಕಾಲದಲ್ಲಿ ಅಂದಿನ ವಿಜಾಪುರದಲ್ಲಿ ನೆಲೆಸಿದ ತರುಣ ವಕೀಲರೊಬ್ಬರ ಬಳಿ ಅಂಥ ಸಂಸ್ಥಾನವಿರಲಿಲ್ಲ. ಕಾಯದೆಯ ಪದವಿಯಿತ್ತು, ಜೊತೆಗೊಂದು ಹುಚ್ಚಿತ್ತು.

ಅವರು ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು. ಹುಚ್ಚು ಓಲೆಗರಿಗಳದು. ಮನೆಮನೆಗಳಲ್ಲಿ, ಮಠಗಳಲ್ಲಿ ಧೂಳು ಹಿಡಿದು ಬಿದ್ದಿದ್ದ ಕಟ್ಟುಗಳನ್ನು ಬೇಡಿ ತಂದು, ಪ್ರತಿಗೆ ಪ್ರತಿಯನ್ನು ತಾಳೆ ನೋಡಿ, ಶರಣರ ವಚನಗಳನ್ನು ಬರೆದುಕೊಂಡರು. ದಸ್ತಾವೇಜುಗಳನ್ನು ಸಂಶಯದಿಂದ ಓದುವ ವಕೀಲಿಯ ಕಣ್ಣು ಇಲ್ಲಿ ನೆರವಿಗೆ ಬಂದಿರಲೇಬೇಕು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು.

ಅಷ್ಟಕ್ಕೇ ನಿಂತಿದ್ದರೆ ಅದು ಬಿಡುವಿನ ವೇಳೆಯ ಹವ್ಯಾಸವೆನಿಸುತ್ತಿತ್ತು. ಆದರೆ 1925ರಲ್ಲಿ ಅವರು ಇದ್ದ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಆ ದಿನ ಮನೆಯೊಡತಿಯ ಮನಸ್ಸು ಏನೆಂದಿತೋ, ಸಂಸಾರವಂತರಾದ ಓದುಗರೇ ಊಹಿಸಿಕೊಳ್ಳಬೇಕು! ಮರುವರ್ಷ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ವಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನೂ ಸಹಕಾರಿ ಬ್ಯಾಂಕನ್ನೂ ಅವರು ಈ ಮೊದಲೇ ಹುಟ್ಟುಹಾಕಿದ್ದರು. ಸಂಸ್ಥೆಗಳ ನಿಯಮಾವಳಿಗೆ ಕಾಯದೆ ಬಲ್ಲವರೇ ಬೇಕಲ್ಲವೆ?

ವಕೀಲಿ ಅನ್ನ ಕೊಟ್ಟಿತು, ಮುದ್ರಣಾಲಯ ಅದನ್ನು ಉಂಡಿತು. ಇಂದಿನವರು ಇದನ್ನು ಲಾಭದ ಉದ್ಯಮವೆನ್ನಲಾರರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿದಾಗ ಹಳಕಟ್ಟಿಯವರು ಎಪ್ಪತ್ತು ದಾಟಿದ ವೃದ್ಧರು. 1964ರಲ್ಲಿ ಅವರು ತೀರಿಕೊಂಡರು. ಅಷ್ಟರೊಳಗೆ ಬಸವಣ್ಣನವರ ವಚನಗಳು ಓಲೆಗರಿಯ ಕಟ್ಟಿನಿಂದ ಇಳಿದು ಶಾಲೆಯ ಹುಡುಗರ ಪಠ್ಯಪುಸ್ತಕವನ್ನು ಸೇರಿದ್ದವು.